ಮೂರು ಕುಣಿ, ಮೂರು ಚೀಲ ಉಪ್ಪು

ನನಗೆ ಸಿಟ್ಟು ತರಿಸಲು ಹೆಚ್ಚೇನೂ ಮಾಡಬೇಕಾಗಿಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನನ್ನು ಇಕ್ಕಳದಿಂದ ಮುರಿದು ನನ್ನ ಕಣ್ಣಿಗೆ ಬೀಳುವ ಹಾಗೆ ಇಟ್ಟರೆ ಸಾಕು. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮನೆಗಳ ಮೇಲೆ ಸೋಲಾರ್ ಪ್ಲೇಟು ಕೂಡಿಸುವುದು ನನ್ನ ಕೆಲಸ. ಯಾರಾದರೂ ಅಂಥ ಮೊಂಡು ಪ್ಲಗ್ಗಿನ ಮಿಕ್ಸರ್ ತಂದು "ಇದು ಯಾಕೋ ಜುಮ್ ಅಂತೈತ್ರಿ" ಎಂದರೆ, ನಾನು ಮೊದಲು ಬೈಯುತ್ತೇನೆ, ಆಮೇಲೆ ರಿಪೇರಿ ಮಾಡುತ್ತೇನೆ. ಗಿರಾಕಿಗಳು ಇದಕ್ಕೆ ಒಗ್ಗಿಹೋಗಿದ್ದಾರೆ. ಬೆನ್ನ ಹಿಂದೆ ನನ್ನನ್ನು 'ಅರ್ಥಿಂಗ್ ಮಾಸ್ತರ' ಎಂದು ಕರೆಯುತ್ತಾರೆಂಬುದೂ ನನಗೆ ಗೊತ್ತಿದೆ.

ಆ ದಪ್ಪ ಪಿನ್ನಿನ ತೊಂದರೆ ಏನೆಂದರೆ ಅದರ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಅದಿಲ್ಲದೆಯೂ ಮಿಕ್ಸರ್ ತಿರುಗುತ್ತದೆ, ದೀಪ ಉರಿಯುತ್ತದೆ. ಎಲ್ಲೋ ಒಂದು ದಿನ ವೈರು ಸುಲಿದು, ಕರೆಂಟು ಹಾದಿ ತಪ್ಪಿ ಯಂತ್ರದ ಮೈಗೆ ಬಂದಾಗ, ಮುಟ್ಟಿದವರ ಮೈಯಿಂದ ಹೋಗದಂತೆ ಅದನ್ನು ನೆಲಕ್ಕೆ ಇಳಿಸುವ ಹಾದಿ ಅದು. ಇದಕ್ಕೇ ಅರ್ಥಿಂಗ್ ಎನ್ನುತ್ತೇವೆ. ಆ ಒಂದು ದಿನ ಬರುವವರೆಗೆ ಅದು ಜನರ ಪಾಲಿಗೆ ದಂಡದ ವೈರು.

ಈ ಹುಚ್ಚು ನನಗೆ ಸುಮ್ಮನೆ ಹಿಡಿದದ್ದಲ್ಲ. ಕೆಲಸಕ್ಕೆ ಇಳಿದ ಹೊಸದರಲ್ಲಿ ನಿಪ್ಪಾಣಿಯ ಒಂದು ಮನೆಗೆ ಪ್ಲೇಟು ಕೂಡಿಸಿದ್ದೆ. ಹಬ್ಬದೊಳಗೆ ಚಾಲೂ ಆಗಬೇಕೆಂದು ಮನೆಯವರು ಅವಸರ ಮಾಡಿದರು. ನಾನೂ "ಅರ್ಥಿಂಗ್ ಆಮೇಲೆ ಮಾಡಿದರಾಯಿತು" ಎಂದು ಸ್ವಿಚ್ ಹಾಕಿಬಿಟ್ಟೆ. ಆ 'ಆಮೇಲೆ' ಬರುವ ಮೊದಲೇ ಮನೆಯ ಹೆಂಗಸು ಒದ್ದೆ ಸೀರೆ ಒಣಹಾಕಲು ಮಾಳಿಗೆಗೆ ಹೋಗಿ ಪ್ಲೇಟಿನ ಕಬ್ಬಿಣದ ಕಾಲು ಮುಟ್ಟಿದರು. ಕರೆಂಟು ಅವರನ್ನು ಎತ್ತಿ ಒಗೆಯಿತು. ದೇವರು ದೊಡ್ಡವನು, ಮೊಣಕೈ ಮುರಿದದ್ದಷ್ಟೇ. ನಾನು ನೋಡಲು ಹೋದಾಗ ಅವರು ಒಂದು ಮಾತೂ ಬೈಯಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು "ಚಹಾ ಕುಡದ ಹೋಗ್ರಿ" ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಂದಿನಿಂದ ನಾನೇ ಊರಿಗೆಲ್ಲ ಬೈಯುತ್ತ ಬಂದಿದ್ದೇನೆ.

ನನ್ನ ಅಕ್ಕನನ್ನು ಕೊಟ್ಟದ್ದು ಅಥಣಿ ತಾಲೂಕಿನ ತೆಲಸಂಗಕ್ಕೆ. ಮನೆಯಲ್ಲಿ ಮೂರೇ ಜನ. ಅಕ್ಕ, ಆಕೆಯ ಗಂಡ ಮಾಮಾ, ಮತ್ತು ಮಾಮಾನ ತಾಯಿ. ಆ ಹಿರಿಯಳನ್ನು ಓಣಿಯೆಲ್ಲ ಆಯಿ ಎನ್ನುತ್ತದೆ, ನಾನೂ ಆಯಿ ಎನ್ನುತ್ತೇನೆ. ಮಾಮಾ ಎಮ್ಮೆ, ಹೊಲ ಎಂದುಕೊಂಡು ಮಾತಿಲ್ಲದೆ ಇರುವ ಮನುಷ್ಯ. ಮಾತು ಏನಿದ್ದರೂ ಅತ್ತೆ ಸೊಸೆಯರದು. ಅಕ್ಕ ಪಡಸಾಲೆಯಲ್ಲಿ ಶ್ಯಾವಿಗಿ ಮಷಿನ್ ಇಟ್ಟಿದ್ದಾಳೆ. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ನಾದಿದ ಹಿಟ್ಟಿನ ಬುಟ್ಟಿ ಹೊತ್ತು ಸಾಲು ಹಚ್ಚುತ್ತಾರೆ. ಮೋಟರು ಗರ್ ಎನ್ನುತ್ತದೆ, ಎಳೆಗಳು ಇಳಿಯುತ್ತವೆ, ಆಯಿ ಮಣೆಯ ಮೇಲೆ ಕೂತು ಅವನ್ನು ಕೈಯಲ್ಲಿ ಹಿಡಿದು ಕೋಲಿಗೆ ಹಾಕುತ್ತಾಳೆ. ಅಕ್ಕ ಅವನ್ನು ಮಾಳಿಗೆಗೆ ಒಯ್ದು ಬಿಸಿಲಿಗೆ ಒಣಗಿಸುತ್ತಾಳೆ. ಶ್ಯಾವಿಗಿ, ಸಂಡಿಗೆ, ಮೆಣಸಿನಕಾಯಿ, ಮನೆಮಂದಿಯ ಬಟ್ಟೆ, ಎಲ್ಲಕ್ಕೂ ಆ ಮಾಳಿಗೆಯೇ. ಬೇಸಿಗೆಯ ಅರ್ಧ ದಿನ ಆಕೆ ಬರಿಗಾಲಲ್ಲಿ ಅಲ್ಲೇ ಇರುತ್ತಾಳೆ.

ಅಂಥ ಮಾಳಿಗೆಯ ಮೇಲೆ ಸೋಲಾರ್ ಹಾಕು ಎಂದು ಅಕ್ಕ ಒಂದು ವರ್ಷ ನನ್ನ ತಲೆ ತಿಂದಳು. "ಊರವರ ಮನಿಗೆಲ್ಲಾ ಹಚ್ಚತಿ, ಅಕ್ಕನ ಮನಿ ಕಾಣೂದಿಲ್ಲೇನ ನಿನಗ" ಎಂದು ಪ್ರತಿ ಫೋನಿಗೂ ಒಂದು ಚುಚ್ಚು. ಕಡೆಗೆ ಹಚ್ಚಿದೆ. ಪ್ಲೇಟು ಏರಿದವು, ಇನ್ವರ್ಟರು ಪಡಸಾಲೆಯ ಗೋಡೆಗೆ ಬಂತು, ಉಳಿದದ್ದು ಅರ್ಥಿಂಗ್ ಒಂದೇ. ನಿಯಮದಂತೆ ಅದಕ್ಕೆ ಮೂರು ತಗ್ಗು ಬೇಕು. ಪ್ಲೇಟುಗಳ ಕಬ್ಬಿಣಕ್ಕೆ ಒಂದು, ಮನೆಯ ಕರೆಂಟಿಗೆ ಒಂದು, ಸಿಡಿಲು ಹಿಡಿಯುವ ಸಲಾಕೆಗೆ ಮತ್ತೊಂದು. ಒಂದಕ್ಕೊಂದು ದೂರ ಇರಬೇಕು. ಬೇರೆ ಕಡೆ ಈಗ ತಯಾರಿ ರಾಡು ಬಡಿದು ಕೆಲಸ ಮುಗಿಸುತ್ತೇವೆ. ತೆಲಸಂಗದ ನೆಲ ಒಣ ನೆಲ, ಮೊಳ ಇಳಿದರೆ ಕಲ್ಲಿನಂಥ ಗಟ್ಟಿ ಮೊರಮು. ರಾಡು ಬಡಿದರೆ ರಾಡೇ ಡೊಂಕಾಯಿತು. ನನ್ನ ಉಸ್ತಾದರು ಕಲಿಸಿದ ಹಳೆಯ ಪದ್ಧತಿಯೇ ಗತಿ ಎಂದುಕೊಂಡೆ. ಆಳೆತ್ತರ ಅಗೆದು, ನಡುವೆ ಪೈಪು ನಿಲ್ಲಿಸಿ, ಸುತ್ತ ಉಪ್ಪು ಮತ್ತು ಇದ್ದಿಲು ತುಂಬಿ, ದಿನವೂ ನೀರು ಹಾಕುವುದು. ಉಪ್ಪು ನೀರು ಹಿಡಿದಿಟ್ಟರೆ ನೆಲ ಕರೆಂಟನ್ನು ಒಳಗೆ ತೆಗೆದುಕೊಳ್ಳುತ್ತದೆ.

ಚಿಕ್ಕೋಡಿಯಿಂದ ಮಾಮಾಗೆ ಫೋನ್ ಮಾಡಿ ಹೇಳಿದೆ. "ಮಾಮಾ, ಆಳ ಹಚ್ಚಿ ಅಂಗಳದಾಗ ಕರೆಂಟಿಂದು ಮೂರ ಕುಣಿ ತೆಗಸ್ರಿ. ಆಳೆತ್ತರ ಇರ್ಲಿ. ಉಪ್ಪು, ಇದ್ದಲಿ ಅಥಣಿಯಿಂದ ಟೆಂಪೋದಾಗ ಕಳಸ್ತೀನಿ, ನಾಳೆ ನಾನೂ ಬರ್ತೀನಿ."

ತಗ್ಗು ಎನ್ನಬೇಕಿತ್ತು. ಕುಣಿ ಎಂದುಬಿಟ್ಟೆ. ನಮ್ಮ ಕಡೆ ಗಿಡ ಹಚ್ಚುವುದೂ ಕುಣಿಯೇ, ಹೆಣ ಹೂಳುವುದೂ ಕುಣಿಯೇ. ಮಾಮಾ ಅದೇ ಮಾತನ್ನು ಹಾಗೆಯೇ ಇಬ್ಬರು ಆಳುಗಳಿಗೆ ದಾಟಿಸಿ ಹೊಲಕ್ಕೆ ಹೋದರು. ಆ ಇಬ್ಬರು ಊರಲ್ಲಿ ತೆಗೆಯುತ್ತಿದ್ದುದು ಎರಡನೆಯ ಬಗೆಯ ಕುಣಿ.

ಮರುದಿನ ಅಥಣಿಯಲ್ಲಿ ತೆಲಸಂಗದ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನ್ನ ನಾಲಿಗೆ ಎಷ್ಟು ಒರಟೋ ಕಣ್ಣೀರಿನ ಮುಂದೆ ನಾನು ಅಷ್ಟೇ ಮೆತ್ತಗೆ. ಏನಾಯಿತೆಂದು ಕೇಳಿದೆ.

"ನಮ್ಮಕ್ಕ ಹೋದಳೋ ಯಪ್ಪಾ," ಎಂದಳು. "ಜುಗೂಳದಿಂದ ಮಣ್ಣಿಗಿ ಹೊಂಟೀನಿ. ಹೊಳಿ ದಂಡಿ ಬಿಟ್ಟು ಬರೂದs ತಡ ಆತು. ಅಕಿ ಮಾರಿ ನೋಡಾಕ ಸಿಗತೈತೋ ಇಲ್ಲೋ."

"ಸಿಗತೈತ್ರಿ. ನಿಮ್ಮನ್ನ ಬಿಟ್ಟು ಮಣ್ಣ ಕೊಡ್ತಾರೇನ?" ಎಂದು ಸಮಾಧಾನ ಹೇಳಿದೆ. ನೀರು ಕುಡಿಸಿದೆ. ಹುಟ್ಟಿದವರು ಹೋಗಲೇಬೇಕು ಎಂದು, ಯಾರೂ ನನ್ನಿಂದ ನಿರೀಕ್ಷಿಸದಂಥ ವೇದಾಂತವನ್ನೂ ಹೇಳಿದೆ. ತೆಲಸಂಗದಲ್ಲಿ ಇಳಿದಾಗ ಆಕೆಯ ಚೀಲ ನಾನೇ ಹಿಡಿದುಕೊಂಡೆ. ಆಕೆಯ ಹಾದಿಯೂ ನನ್ನ ಹಾದಿಯೂ ಒಂದೇ ಇತ್ತು. ಹನುಮಪ್ಪನ ಗುಡಿ ದಾಟಿದೆವು, ಹಿಟ್ಟಿನ ಗಿರಣಿ ದಾಟಿದೆವು, ಅಕ್ಕನ ಓಣಿಗೆ ಹೊರಳಿದೆವು. ಅಕ್ಕನ ಮನೆಯ ಮುಂದೆ ಜನ ಕೂಡಿದ್ದು ಕಂಡಿತು. ಆಗ ಮುದುಕಿ ಎರಡೂ ಕೈ ಎತ್ತಿ, "ಯಕ್ಕಾ, ನನ್ನ ಬಿಟ್ಟ ಹ್ಯಾಂಗ ಹೋದ್ಯೇ" ಎಂದು ರಾಗ ತೆಗೆದು, ನೇರ ಅದೇ ಮನೆಯ ಕಡೆಗೆ ಓಡಿದಳು.

ಆಯಿ ಹೋದಳೇ? ಚೀಲ ಹಿಡಿದುಕೊಂಡೇ ನಾನೂ ಓಡಿದೆ.

ಅಂಗಳದಲ್ಲಿ ಮೂರು ಕುಣಿ ಇದ್ದವು. ಚೌಕ ತಗ್ಗುಗಳಲ್ಲ. ಒಬ್ಬೊಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ, ಅಂಚು ಕೊರೆದಂತೆ ನೇರ, ಮೂರೂ ಒಂದೇ ದಿಕ್ಕಿಗೆ. ದಂಡೆಯ ಮೇಲೆ ಮೂರು ಚೀಲ ಉಪ್ಪು. ನಮ್ಮ ಕಡೆ ಮಣ್ಣು ಕೊಡುವಾಗ ಹೆಣದ ಸುತ್ತ ಉಪ್ಪು ಸುರಿಯುತ್ತಾರೆ. ಆ ಮನೆಯಲ್ಲಿ ಇರುವವರೂ ಮೂರೇ ಜನ. ಓಣಿಯವರು ಇವಿಷ್ಟನ್ನೂ ಕೂಡಿಸಿ ನೋಡಿದ್ದರು. ದಿನಾ ಕಟ್ಟೆಯ ಮೇಲೆ ಕೂಡುವ ಆಯಿ ಆ ಮುಂಜಾನೆ ಕಂಡಿರಲಿಲ್ಲ. ಯಾರೋ ಪುಣ್ಯಾತ್ಮರು ಜುಗೂಳದಲ್ಲಿದ್ದ ಆಯಿಯ ತಂಗಿಗೆ ಫೋನ್ ಹಚ್ಚಿದ್ದರು. ಬಸ್ಸಿನ ಮುದುಕಿಯೇ ಆ ತಂಗಿ.

ಆಯಿ ಬಾಗಿಲಲ್ಲಿ ನಿಂತಿದ್ದಳು. ಬಲಗೈಗೆ ಎಣ್ಣೆ ಹಚ್ಚಿ ಒಳಗೆ ಕೂತಿದ್ದವಳು ಗದ್ದಲ ಕೇಳಿ ಎದ್ದು ಬಂದಿದ್ದಳು, ಎಡಗೈಯಲ್ಲಿ ಅರ್ಧ ತಿಂದ ರೊಟ್ಟಿ. ತಂಗಿ ಮಾತ್ರ ಕಣ್ಣು ಮುಚ್ಚಿಕೊಂಡು, ಮೊದಲ ಕುಣಿಯ ದಂಡೆಗೆ ಕುಸಿದು, ಎದೆ ಬಡಿದುಕೊಂಡು ಹಾಡುತ್ತಿದ್ದಳು. ಅಕ್ಕನ ಗುಣ ಹಾಡಿದಳು, ನಡಿಗೆ ಹಾಡಿದಳು. "ನಿನ್ನ ಕೈಯಾನ ಹೋಳಿಗಿ ಅಮೃತ ಇತ್ತಲ್ಲೇ ಯಕ್ಕಾ" ಎಂದು ಹಾಡಿದಳು.

"ಹೋದ ಯುಗಾದಿಗಿ ದಪ್ಪ ಆಗ್ಯಾವ ಅಂದಿದ್ದೆಲ್ಲ ಬೇ," ಎಂದಳು ಆಯಿ. "ಈಗ ಅಮೃತ ಆದುವೇನ?"

ತಂಗಿ ಕಣ್ಣು ತೆರೆದಳು. ಹಾಡು ಅಲ್ಲೇ ನಿಂತಿತು. ಆಮೇಲೆ ಆಕೆ "ಅಗೋ ಬಾಯಿ" ಎಂದು ಮರಾಠಿಯಲ್ಲಿ ಶುರು ಮಾಡಿ, ಕನ್ನಡದಲ್ಲಿ ಮುಗಿಸಿದ್ದನ್ನು ಬರೆಯುವಂತಿಲ್ಲ. ಫೋನ್ ಮಾಡಿದವರನ್ನೂ, ಬಸ್ಸಿನಲ್ಲಿ ವೇದಾಂತ ಹೇಳಿದ ನನ್ನನ್ನೂ ಸೇರಿಸಿಯೇ ಬೈದಳು. ಓಣಿಯವರು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ನಾನು ಆಳುಗಳ ಮೇಲೆ ಹರಿಹಾಯ್ದೆ. ಅವರಲ್ಲಿ ಹಿರಿಯವನು ಗುದ್ದಲಿ ಊರಿ ನಿಂತು, "ಕರೆಂಟಿಂದು ಅಂತ ಹೇಳಿದ್ರ್ಯಪ್ಪಾ. ಎಷ್ಟ ಅಗಲ ಅಂತ ಹೇಳಲಿಲ್ಲ. ಕುಣಿ ಅಂದ್ರ ನಮ್ಮ ಕೈಗಿ ಬರೂದು ಇದs ಅಳತಿ" ಎಂದ. ತಪ್ಪು ನನ್ನದೇ ಇತ್ತು. ಹೊಲದಿಂದ ಬಂದ ಮಾಮಾ ಮೂರೂ ಕುಣಿಗಳನ್ನು ಸುತ್ತಿ ನೋಡಿ, ಬೇವಿನ ಗಿಡದ ಬುಡದ್ದನ್ನು ತೋರಿಸಿ, "ನೆಳ್ಳ ಐತಿ, ಇದು ನನಗಿರ್ಲಿ" ಎಂದು ಎಮ್ಮೆಗೆ ನೀರು ಕುಡಿಸಲು ಹೋದರು. ವರ್ಷಕ್ಕೊಮ್ಮೆ ಆಡುವ ತಮಾಷೆ ಅವರು ಅಂದು ಆಡಿದ್ದರು.

ನಗದೇ ಇದ್ದವಳು ಆಯಿ ಒಬ್ಬಳೇ. ರೊಟ್ಟಿ ಮುಗಿಸಿ, ಕೈ ಝಾಡಿಸಿ, ಒಂದೇ ಮಾತು ಹೇಳಿದಳು. "ಮುಚ್ಚ್ರಿ ಇವನ್ನ. ಬಾಳೇವ ಮಾಡೂ ಮನಿ ಮುಂದ ಉಪ್ಪು ಹಾಕಿದ ಕುಣಿ ಇರಬಾರದು. ನಾ ಇರೂತನಕ ಆಗೂದಿಲ್ಲ."

ನಾನು ವಿವರಿಸಿದೆ, ಬೇಡಿಕೊಂಡೆ, ದನಿ ಏರಿಸಿದೆ. ಆಯಿ ಕಟ್ಟೆಯ ಮೇಲೆ ಕೂತು ತಂಗಿಗೆ ಅಡಕೆ ಕತ್ತರಿಸಿ ಕೊಡುತ್ತಿದ್ದಳು. ಬಂಡೆಗೆ ಹಣೆ ಚಚ್ಚಿಕೊಂಡ ಹಾಗಾಯಿತು.

ಸಂಕಟ ತಂದವಳು ಅಕ್ಕ. ನನ್ನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿ ಹೇಳಿದಳು. "ತಮ್ಮಾ, ಸುಮ್ಮ ಹಂಗs ಚಾಲೂ ಮಾಡ. ಆಯಿ ಹಟಾ ನಿನಗ ಗೊತ್ತಿಲ್ಲ. ಮುಂದ ನೋಡಿದ್ರಾತು. ನಾ ಏನ್ ಸಣ್ಣ ಕೂಸ ಅಲ್ಲ, ನೋಡಿಕೊಂಡ ಓಡಾಡ್ತೀನಿ."

ಮುಂದೆ ನೋಡಿದರಾಯಿತು. ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಪ್ಲಾಸ್ಟರ್ ಹಾಕಿದ ಕೈ ಕಂಡಿತು. ಅಲ್ಲಿ ಮುರಿದದ್ದು ಗುರುತಿಲ್ಲದವರ ಮೊಣಕೈ. ಇಲ್ಲಿ ಬರಿಗಾಲಲ್ಲಿ ಒದ್ದೆ ಬಟ್ಟೆ ಹಿಡಿದು ಓಡಾಡುವವಳು ನನ್ನನ್ನು ಬೆನ್ನ ಮೇಲೆ ಹೊತ್ತು ಬೆಳೆಸಿದ ಅಕ್ಕ. "ಅರ್ಥಿಂಗ್ ಇಲ್ಲಾಂದ್ರ ಸ್ವಿಚ್ ಹಾಕೂದಿಲ್ಲ. ನಾಳೆ ಪ್ಲೇಟ್ ಇಳಿಸಿಕೊಂಡ ಹೋಗ್ತೀನಿ."

"ಇಳಿಸ್ಕೋ ಹೋಗ," ಎಂದಳು ಅಕ್ಕ. "ಊರಿಗೆಲ್ಲಾ ಬೆಳಕ ಕೊಡಾಂವ, ಅಕ್ಕನ ಮನಿಗಿ ಬಂದ ಕುಣಿ ತೋಡಿ ಹೋದ ಅಂತಾರ." ಹೇಳಿ, ಕಣ್ಣು ಒರೆಸಿಕೊಂಡು, ಹಿಟ್ಟಿನ ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸರ ಕಡೆಗೆ ಹೋದಳು.

ನಾನು ಪಡಸಾಲೆಯಲ್ಲಿ ಸಾಮಾನು ಚೀಲಕ್ಕೆ ತುಂಬತೊಡಗಿದೆ. ಅಕ್ಕ ಮಷಿನ್ ಶುರು ಮಾಡಿದಳು. ಆಯಿ ರೂಢಿಯಂತೆ ಬಂದು ಮಣೆಯ ಮೇಲೆ ಕೂತು ಎಳೆ ಹಿಡಿಯಲು ಕೈ ಚಾಚಿದಳು. ಬೆರಳು ಮಷಿನ್ನಿನ ಅಂಚಿಗೆ ತಾಗಿತು. ಆಕೆ "ಅಯ್ಯ ಶಿವನೇ" ಎಂದು ಕೈ ಹಿಂದೆಳೆದು ಝಾಡಿಸಿದಳು.

"ವಾತ," ಎಂದಳು ತಂಗಿಗೆ. "ಮೂರ ವರ್ಷ ಆತು. ಈ ಬಲಗೈ ಒಂದs. ಜುಮ್ ಅಂತ ಮೊಣಕೈತನಕ ಹತ್ತತೈತಿ. ಎಷ್ಟ ಎಣ್ಣಿ ತಿಕ್ಕಿದ್ರೂ ಅಷ್ಟs."

ಜುಮ್ ಎನ್ನುವ ಮಾತು ಕೇಳಿದರೆ ನನ್ನ ಕಿವಿ ನೆಟ್ಟಗಾಗುತ್ತವೆ. ಮಷಿನ್ನಿನ ವೈರು ಹಿಡಿದು ಗೋಡೆಯ ತನಕ ಕಣ್ಣು ಹಾಯಿಸಿದೆ. ಪ್ಲಗ್ಗಿನಲ್ಲಿ ಎರಡೇ ಪಿನ್ನು ಇದ್ದವು. ಬೋರ್ಡಿನಲ್ಲಿ ಎರಡೇ ತೂತು ಇದ್ದುದರಿಂದ ಮಾಮಾ ಮೂರನೆಯದನ್ನು ಇಕ್ಕಳದಿಂದ ಮುರಿದು ಕೂಡಿಸಿದ್ದರು. ಆ ಮನೆಗೆ ನೂರು ಸಲ ಬಂದು ಹೋದವನು ನಾನು, ಊರವರ ಪ್ಲಗ್ಗು ಬೈದು ತಿರುಗುವವನು, ಶ್ಯಾವಿಗಿ ಪಾಯಸ ಉಂಡು ಕೈ ತೊಳೆದುಕೊಂಡು ಹೋಗಿದ್ದೆನೇ ಹೊರತು ಒಂದು ಸಲವೂ ಆ ಮೂಲೆ ನೋಡಿರಲಿಲ್ಲ.

ಟೆಸ್ಟರ್ ತೆಗೆದು ಮಷಿನ್ನಿನ ಮೈಗೆ ಹಚ್ಚಿದೆ. ಒಳಗಿನ ಸಣ್ಣ ದೀಪ ಕೆಂಪಗೆ ಉರಿಯಿತು. ಸ್ವಿಚ್ ತೆಗೆದೆ, ದೀಪ ಆರಿತು.

"ಆಯಿ," ಎಂದೆ, "ನಿಮ್ಮ ವಾತ ಮಷಿನ್ ಚಾಲೂ ಇದ್ದಾಗ ಅಷ್ಟs ಬರತೈತೇನ್ರಿ?"

ಆಯಿ ಬೆರಳು ಮಡಿಸತೊಡಗಿದಳು. ಮನಸ್ಸಿನಲ್ಲಿ ಹಿಂದಿನದೆಲ್ಲ ಎಣಿಸುತ್ತಿದ್ದಾಳೆಂದು ಗೊತ್ತಾಯಿತು. "ಕರೆಂಟ್ ಹೋದ ದಿನ ಇರತಿದ್ದಿಲ್ಲ," ಎಂದಳು ನಿಧಾನಕ್ಕೆ. "ಮಳಿಗಾಲದಾಗ ಮಷಿನ್ ಮುಚ್ಚಿಟ್ರ ಆರಾಮ ಇರತಿತ್ತು. ಬ್ಯಾಸಿಗಿ ವಾತ ಅಂತ ತಿಳಿದಿದ್ನೆಪಾ."

ಹೆಂಗಸರು ಮತ್ತೆ ನಗಲು ಶುರು ಮಾಡಿದರು. ನಾನು ನಗಲಿಲ್ಲ. ಆಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬೈಗುಳ ಇಲ್ಲದೆ ಹೇಳಿದೆ. ಇದು ವಾತ ಅಲ್ಲ, ಹಾದಿ ಸಿಗದೆ ತಿರುಗುತ್ತಿರುವ ಕರೆಂಟು. ಸೋರುತ್ತಿರುವುದು ಚೂರೇ ಚೂರು, ಆಯಿ ಒಣ ಮಣೆಯ ಮೇಲೆ ಕೂತಿದ್ದರಿಂದ ಜುಮ್ ಎಂದು ಬಿಟ್ಟಿದೆ. ಮಾಳಿಗೆಯ ಮೇಲೆ ಮಣೆ ಇಲ್ಲ. ಅಲ್ಲಿನ ಕರೆಂಟು ಇದಕ್ಕಿಂತ ಜೋರು, ಅದನ್ನು ಪೂರ್ತಿ ಬಂದ್ ಮಾಡಲು ಬಿಸಿಲಿಗೆ ಸ್ವಿಚ್ ಇಲ್ಲ. ಸೂರ್ಯ ಮುಳುಗುವ ತನಕ ಆ ವೈರಿನಲ್ಲಿ ಜೀವ ಇರುತ್ತದೆ. ಅದಕ್ಕೆ ಹಾದಿ ತಪ್ಪಿದರೆ ಹೋಗಲು ಒಂದು ಜಾಗ ಬೇಕು.

"ಕುಣಿ ಇರಲಿಲ್ಲಾಂದ್ರ ಎಲ್ಲಿ ಹೋಗತೈತಿ?" ಎಂದಳು ಆಯಿ.

"ಮುಟ್ಟಿದವರ ಮೈಯಾಗ."

"ಮ್ಯಾಲ ಹೋಗಾಕಿ ಯಾರು?"

ನಾನು ಹೇಳಬೇಕಾಗಲಿಲ್ಲ. ಅಕ್ಕ ಶ್ಯಾವಿಗಿ ಕೋಲುಗಳನ್ನು ತೋಳಿನ ಮೇಲೆ ಹೊತ್ತು ಮಾಳಿಗೆಯ ಮೆಟ್ಟಿಲಲ್ಲಿ ನಿಂತಿದ್ದಳು. ಆಯಿ ಸೊಸೆಯನ್ನು ನೋಡಿದಳು. ಆ ಸೊಸೆಯ ಚಹಾದಲ್ಲಿ ಸಕ್ಕರೆ ಹೆಚ್ಚು, ನಡಿಗೆಯಲ್ಲಿ ಸಪ್ಪಳ ಹೆಚ್ಚು ಎಂದು ಇಪ್ಪತ್ತು ವರ್ಷ ಅಂದವಳು, ಅಂದು ಆಕೆಯ ಬರಿಗಾಲುಗಳನ್ನು ನೋಡಿದಳು. ಆಮೇಲೆ ಮಂಡಿ ಹಿಡಿದು ಎದ್ದಳು.

"ಸಾವು ಮನಿ ಒಳಗs ತಿರಗ್ಯಾಡಾಕತ್ತೈತಿ ಅಂದಂಗಾತು," ಎಂದಳು. "ಹಂಗಾದ್ರ ಅದಕ್ಕ ಕುಣಿ ಬೇಕs ಬೇಕ. ಎಲ್ಲಿ ಐತಿ ಉಪ್ಪು?"

ಅಂದು ಮಧ್ಯಾಹ್ನ ತೆಲಸಂಗದ ಆ ಅಂಗಳದಲ್ಲಿ ನಡೆದಂಥ ಅರ್ಥಿಂಗ್ ಕೆಲಸ ನಾನು ಮತ್ತೆಲ್ಲೂ ನೋಡಿಲ್ಲ. ಉದ್ದ ಕುಣಿಗಳನ್ನು ಎರಡೂ ಕಡೆಯಿಂದ ಮುಚ್ಚಿಸಿ, ನಡುವೆ ಬೇಕಾದಷ್ಟೇ ಬಿಡಿಸಿದೆ. ಪೈಪು ನಿಲ್ಲಿಸಿದೆ. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಮಣ್ಣಿಗೆ ಬಂದವರು ಹಾಕುವ ಹಾಗೆ ಆಯಿ ಸೆರಗು ಹೊದ್ದು ಮೊದಲ ಹಿಡಿ ಉಪ್ಪು ಹಾಕಿದಳು. ತಂಗಿಯ ಕೈಯಿಂದಲೂ ಹಾಕಿಸಿದಳು. ನೋಡಲು ನಿಂತ ಓಣಿಯವರೂ ಒಂದೊಂದು ಹಿಡಿ ಹಾಕಿದರು. ನಂತರ ಆಯಿ ತಂಗಿಗೆ, "ಅಷ್ಟ ದೂರದಿಂದ ಬಂದೀದಿ, ಹಾಡ ಅರ್ಧಕ್ಕ ನಿಂತೈತಿ. ಇದಕ್ಕರ ಹಾಡ" ಎಂದಳು. ಜುಗೂಳದ ಮುದುಕಿ ಒಲ್ಲೆ ಒಲ್ಲೆ ಎನ್ನುತ್ತಲೇ ಕುಣಿಯ ದಂಡೆಗೆ ಕೂತು ರಾಗ ತೆಗೆದಳು. "ಬಿಸಿಲಾಗ ಹುಟ್ಟಿದ್ಯೋ ನನ್ನಪ್ಪಾ, ಮಣ್ಣಾಗ ಮಲಗ ಬಾರೋ." ಅಷ್ಟರಲ್ಲಿ ಆಕೆಗೇ ನಗು ಬಂತು.

ಮಷಿನ್ನಿಗೆ ಹೊಸ ಮೂರು ಪಿನ್ನಿನ ಪ್ಲಗ್ಗು, ಗೋಡೆಗೆ ಹೊಸ ಬೋರ್ಡು ಹಾಕಿದೆ. ಆಯಿಯ ವಾತ ಅಂದೇ ವಾಸಿಯಾಯಿತು. ನನ್ನ ಕೈಗುಣ ದೊಡ್ಡದು ಎಂದು ಊರಲ್ಲಿ ಹೇಳಿಕೊಂಡು ತಿರುಗಿದಳು. ಇಬ್ಬರು ಹೆಂಗಸರು ಮೊಣಕಾಲು ನೋವಿಗೂ ನನ್ನ ಹತ್ತಿರ ಬಂದರು.

ಕುಣಿಗೆ ದಿನವೂ ನೀರು ಹಾಕಬೇಕೆಂದು ಹೇಳಿದ್ದೆ. ಸಾಮಾನ್ಯವಾಗಿ ಈ ಮಾತನ್ನು ಜನ ಒಂದು ವಾರ ಪಾಲಿಸುತ್ತಾರೆ. ಆಯಿ ತುಳಸಿಗೆ ನೀರು ಹಾಕಿದ ತಂಬಿಗೆಯನ್ನು ತುಂಬಿಕೊಂಡು ಮೂರಕ್ಕೂ ಸುರಿದೇ ಒಳಗೆ ಬರುತ್ತಿದ್ದಳು. "ಉಪ್ಪು ತಿಂದಾಂವ ನೀರ ಕುಡೀಬೇಕ" ಎನ್ನುತ್ತಿದ್ದಳಂತೆ. ಹದಿನೈದು ದಿನ ಬಿಟ್ಟು ಮೀಟರ್ ಹಚ್ಚಿ ನೋಡಿದೆ. ಕರೆಂಟಿಗೆ ನೆಲ ಒಡ್ಡುವ ತಡೆ ಐದು ಓಮ್‌ನ ಒಳಗೆ ಬರಬೇಕೆಂಬುದು ನಮ್ಮ ಲೆಕ್ಕ, ಅದಕ್ಕಿಂತಲೂ ಕೆಳಗೆ ಇಳಿದಿತ್ತು. ಕರೆಂಟು ಕಂಪನಿಯ ಅಧಿಕಾರಿಗಳು ಬಂದು ನೋಡಿ ಒಪ್ಪಿದರು. ನಾನು ಸ್ವಿಚ್ ಹಾಕಿದೆ. ಹೋಗುವಾಗ ಅಕ್ಕನಿಗೆ ಹತ್ತು ಸಲ ಹೇಳಿದೆ, ಪ್ಲೇಟಿನ ಕಾಲಿಗೆ ಬಟ್ಟೆ ಒಣಹಾಕುವ ತಂತಿ ಕಟ್ಟಬೇಡ ಎಂದು. ಅಕ್ಕ ಹತ್ತು ಸಲವೂ ಹ್ಞೂಂ ಎಂದಳು.

ಮುಂದಿನ ಬೇಸಿಗೆಯಲ್ಲಿ ಒಂದು ಮುಂಜಾನೆ ಅಂಗಡಿ ತೆರೆಯುತ್ತಿದ್ದಂತೆ ಅಕ್ಕನ ಫೋನು.

"ಗ್ವಾಡಿಗಿ ಎಂಥಾ ಸೋಲಾರ್ ಮಷಿನ್ ಹಚ್ಚಿ ಹೋಗೀಯೋ? ಕೆಂಪ ದೀಪ ಹತ್ತೇತಿ, ನಿಂತs ಬಿಟ್ಟೈತಿ. ಇಷ್ಟ ಛಲೋ ಬಿಸಲ ಬಿದ್ದೈತಿ, ಸುಮ್ಮ ಹಾಳಾಗಿ ಹೊಂಟೈತಿ. ಊರವರ ಮನ್ಯಾಗ ಹಿಂಗ ಮಾಡಿದ್ರ ಬಿಡತಿದ್ರೇನ ನಿನ್ನ?"

ಬಿಸಿಲು ಹಾಳಾಗುತ್ತಿದೆ ಎಂದು ತೆಲಸಂಗದಲ್ಲಿ ಒಬ್ಬರು ಅತ್ತದ್ದು ಅದೇ ಮೊದಲಿರಬೇಕು. ನಗುತ್ತಲೇ ಬಸ್ಸು ಹತ್ತಿದೆ.

ಮಾಳಿಗೆ ಹತ್ತಿದಾಗ ನನ್ನ ನಗು ಇಳಿಯಿತು. ಬಟ್ಟೆಯ ತಂತಿ ಪ್ಲೇಟಿನ ಕಬ್ಬಿಣದ ಕಾಲಿಗೆ ಕಟ್ಟಿತ್ತು. ಅದರ ಮೇಲೆ ಆಗಷ್ಟೇ ಹರವಿದ ಎರಡು ಸೀರೆ ನೀರು ತೊಟ್ಟಿಕ್ಕುತ್ತಿದ್ದವು. ಅಂಚಿನ ಪ್ಲೇಟಿನ ಕೆಳಗೆ ಬಗ್ಗಿ ನೋಡಿದೆ. ಅಳಿಲು ವೈರಿನ ಮೈ ತಿಂದುಹಾಕಿತ್ತು. ಬರಿಯ ತಾಮ್ರ ಕಬ್ಬಿಣಕ್ಕೆ ಅಂಟಿ ನಿಂತಿತ್ತು. ವೈರಿಗೆ ಪೂರ್ತಿ ಪೈಪು ಹಾಕಬೇಕೆಂಬುದು ನಿಯಮ. ಅಂಚಿನಲ್ಲಿ ಒಂದು ಗೇಣು ಪೈಪು ಸಾಲದೆ ಬಂದಿತ್ತು. ಮುಂದೆ ಬಂದಾಗ ಹಾಕಿದರಾಯಿತು ಎಂದು ಬಿಟ್ಟವನು ನಾನೇ. ಅಳಿಲು ಹುಡುಕಿದ್ದು ಆ ಒಂದು ಗೇಣನ್ನೇ.

ಅಂದರೆ ಮುಂಜಾನೆಯಿಂದ ಆ ಕಬ್ಬಿಣಕ್ಕೆಲ್ಲ ಬಿಸಿಲಿನ ಕರೆಂಟು ಬಂದು ತಾಗುತ್ತಿತ್ತು. ಅಕ್ಕ ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ, ಬರಿಗಾಲಲ್ಲಿ ಅದನ್ನೇ ಹಿಡಿದು ತಂತಿ ಬಿಗಿದಿದ್ದಳು, ಸೀರೆ ಹಿಂಡಿ ಹರವಿದ್ದಳು. ಆಕೆಗೆ ಜುಮ್ ಕೂಡ ಎಂದಿರಲಿಲ್ಲ. ಕರೆಂಟು ದಪ್ಪ ಹಸಿರು ವೈರು ಹಿಡಿದು ಬೇವಿನ ಬುಡದ ಕುಣಿಗೆ ಇಳಿದಿತ್ತು. ಅದು ಇಳಿಯುತ್ತಿದ್ದುದನ್ನು ಕಂಡೇ ಇನ್ವರ್ಟರು ಕೆಂಪು ದೀಪ ಹಚ್ಚಿ ಕೆಲಸ ನಿಲ್ಲಿಸಿತ್ತು. ಅಲ್ಲೇ ಸಂಡಿಗೆಯ ಚಾಪೆಯ ಪಕ್ಕ ಕೂತುಬಿಟ್ಟೆ.

ಅಕ್ಕ ಚಹಾ ಹಿಡಿದು ಬೈಯುತ್ತಲೇ ಮೆಟ್ಟಿಲು ಹತ್ತಿ ಬಂದಳು. ಎಂಥ ಮಷಿನ್ನು, ಎಂಥ ತಮ್ಮ, ಎಂಥ ಕಸಬು. ನಾನು ಕೇಳುತ್ತ ಕೂತೆ. ಬೈಯಲು ಆಕೆ ಇದ್ದಾಳಲ್ಲ ಎಂದು ನನಗೆ ಅಳು ಬರುವಷ್ಟು ಖುಷಿಯಾಯಿತು.

"ಯಾಕೋ, ಮಾರಿ ಹಿಂಗ್ಯಾಕ ಆಗೇತಿ?" ಎಂದಳು ಬೈಗುಳ ನಿಲ್ಲಿಸಿ.

ವೈರು ತೋರಿಸಿದೆ, ತಂತಿ ತೋರಿಸಿದೆ, ನಾನು ಬಿಟ್ಟ ಗೇಣನ್ನೂ ತೋರಿಸಿದೆ. ಅಕ್ಕ ಎರಡೂ ಕೈಗಳನ್ನು ಸೆರಗಿಗೆ ಒರೆಸಿ ಒರೆಸಿ ನೋಡಿಕೊಂಡಳು. ನಾನು ಸ್ವಿಚ್ಚು ತೆಗೆದು, ಕೈಗೆ ರಬ್ಬರ್ ಗ್ಲೌಸು ಹಾಕಿ ವೈರು ಬೇರೆ ಮಾಡಿದ ಮೇಲೆ, ತಂತಿಯನ್ನು ಆಕೆಯೇ ಬಿಚ್ಚಿ ಗೋಡೆಯ ಗೂಟಕ್ಕೆ ಕಟ್ಟಿದಳು.

ಕೆಳಗೆ ಆಯಿ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಸೊಸೆಯನ್ನು ಹತ್ತಿರ ಕರೆದು ಅಂಗೈ ಮಗುಚಿ ನೋಡಿದಳು. ಆಮೇಲೆ ತಂಬಿಗೆ ತುಂಬಿಕೊಂಡು ಬೇವಿನ ಬುಡಕ್ಕೆ ಹೋಗಿ ಕುಣಿಗೆ ನೀರು ಹಾಕಿದಳು. ಅಂದು ಮುಂಜಾನೆ ಒಮ್ಮೆ ಹಾಕಿಯಾಗಿತ್ತು.

"ನಮ್ಮ ಮನಿ ಉಪ್ಪು ತಿಂದಿತ್ತು," ಎಂದಳು. "ಉಂಡ ಮನಿಗಿ ಎರಡ ಬಗೀಲಿಲ್ಲ ನೋಡ."

ಆಯಿ ಅದನ್ನು ಹೇಳಿದ್ದು ಕುಣಿಗೆ. ಒಳಗಿನಿಂದ ಅಕ್ಕ ಊಟಕ್ಕೆ ಕರೆದಳು, ಶ್ಯಾವಿಗಿ ಪಾಯಸ ಮಾಡಿದ್ದೇನೆ ಎಂದಳು. ಆ ಮನೆಯ ಉಪ್ಪು ನಾನು ಇಪ್ಪತ್ತು ವರ್ಷದಿಂದ ತಿಂದಿದ್ದೇನೆ. ಬರುತ್ತೇನೆ, ತಾಟು ಹಾಕಿಡು ಎಂದು ಹೇಳಿ, ಚೀಲದಿಂದ ಒಂದು ಗೇಣು ಪೈಪು ಕತ್ತರಿಸಿಕೊಂಡು ಮತ್ತೆ ಮಾಳಿಗೆ ಹತ್ತಿದೆ.